ಬಚ್ಚಲ ನೀರಿನ ಹಿತ್ತಲು

ಬಾಗಿಲು ಗಿಡ್ಡದು. ತಲೆ ತಗ್ಗಿಸಿ, ಹೊಸ್ತಿಲು ದಾಟಿ ನಿಧಾನಕ್ಕೆ ಬನ್ನಿ; ಬೆಳ್ಳಿಚುಕ್ಕಿ ಇನ್ನೂ ಮಾಸಿಲ್ಲ, ಒಳಗೆ ಕತ್ತಲು. ಮೊದಲು ಮೂಗಿಗೆ ಬರುವುದು ಎಮ್ಮೆಯ ಮೈಯ ಬೆಚ್ಚನೆ ವಾಸನೆ. ಅದರ ಹಿಂದೆಯೇ ಒಣ ಕಣಕಿಯ ಸಿಹಿ ಗಮಲು, ರಾತ್ರಿಯ ಗಂಜಲದ ಘಾಟು, ಒಲೆಯೊಳಗೆ ಬೂದಿ ಹೊದ್ದು ಸಣ್ಣಗೆ ಹೊಗೆಯಾಡುವ ಕುಳ್ಳು. ಕಣ್ಣು ಕತ್ತಲಿಗೆ ಹೊಂದಿಕೊಳ್ಳುವ ಮೊದಲೇ ಕಿವಿ ಎಣಿಸಿ ಮುಗಿಸಿರುತ್ತದೆ: ಮೆಲುಕು ಹಾಕುವ ಎರಡು ಎತ್ತು, ಬಾಲದಿಂದ ಸೊಳ್ಳೆ ಹೊಡೆದುಕೊಳ್ಳುವ ಎಮ್ಮೆ, ಹಗ್ಗ ಜಗ್ಗುತ್ತಿರುವ ಕರು, ಮೂಲೆಯ ಬುಟ್ಟಿಯಡಿ ಗೊಣಗುವ ಕೋಳಿ. ಇವೆಲ್ಲವುಗಳ ನಡುವೆ, ಬರೀ ಒಂದು ಮೊಳದಷ್ಟು ಎತ್ತರದಲ್ಲಿ, ಕೌದಿ ಹೊದ್ದು ಮಲಗಿದ ಮಕ್ಕಳ ಉಸಿರು.

ಬಾದಾಮಿಯಿಂದ ಮಲಪ್ರಭೆಯ ಕಡೆಗೆ ಇಳಿಯುವ ಊರುಗಳಲ್ಲಿ ಹಳೆಯ ಮನೆಗಳ ಕಟ್ಟು ಹೀಗೆಯೇ. ತಲಬಾಗಿಲು ದಾಟಿದ ಕೂಡಲೇ ತಗ್ಗಿನಲ್ಲಿ ದನಗಳ ಜಾಗ, ಅಲ್ಲಿಂದ ಒಂದೆರಡು ಮೆಟ್ಟಿಲು ಮೇಲಕ್ಕೆ ಮನುಷ್ಯರ ಪಡಸಾಲೆ, ಅದರಾಚೆ ಅಡುಗೆಮನೆ, ದೇವರ ಮೂಲೆ, ಜೋಳದ ಚೀಲಗಳ ಸಾಲು. ಪಡಸಾಲೆಯ ಅಂಚಿಗೇ ದನಕ್ಕೆ ಮೇವು ಹಾಕುವ ಗ್ವಾದಲಿ. ಹಾಗಾಗಿ ರಾತ್ರಿ ಎತ್ತು ತಲೆಯೆತ್ತಿದರೆ ಅದರ ಉಸಿರು ಮಲಗಿದವರ ಕಾಲಿಗೆ ತಾಗುತ್ತದೆ. ದನ ಮೇವು ಬಿಟ್ಟರೆ, ಕೆಮ್ಮಿದರೆ, ಎಮ್ಮೆ ಈಯಲು ಹೊರಳಾಡಿದರೆ ಯಾರೂ ಕಂದೀಲು ಹಿಡಿದು ಕೊಟ್ಟಿಗೆಗೆ ಓಡಬೇಕಿಲ್ಲ. ಗೋಡೆ ಗುಡ್ಡದ ಕೆಂಪು ಕಲ್ಲಿನದು. ಆರನೆಯ ಶತಮಾನದಲ್ಲಿ ಚಾಲುಕ್ಯರ ಶಿಲ್ಪಿಗಳು ಇದೇ ಮರಳುಗಲ್ಲನ್ನು ಕೊರೆದು ಬಾದಾಮಿಯ ಮೇಣಬಸದಿ ಗುಹೆಗಳನ್ನು ಮಾಡಿದರು; ಇಲ್ಲಿಯ ರೈತ ಅದನ್ನೇ ಸೀಳಿ ಗೋಡೆ, ಗ್ವಾದಲಿ, ಬಚ್ಚಲು, ಬಟ್ಟೆ ಒಗೆಯುವ ಬಂಡೆ ಮಾಡಿಕೊಂಡಿದ್ದಾನೆ. ಮೇಲೆ ತೊಲೆ, ಜಂತಿ, ಅದರ ಮೇಲೆ ಬಡಿದು ಕೂರಿಸಿದ ಮಣ್ಣು. ಬಿಸಿಲು ಏರಿದಾಗ ಮಾಳಿಗೆಯ ಬೆಳಕಿಂಡಿಯಿಂದ ಒಂದು ಬೆಳಕಿನ ಕೋಲು ಇಳಿದು, ಮೇವಿನ ದೂಳನ್ನು ಹೊತ್ತುಕೊಂಡು, ಮಧ್ಯಾಹ್ನದವರೆಗೂ ನೆಲದ ಮೇಲೆ ಸರಿಯುತ್ತ ಹೋಗುತ್ತದೆ.

ಮನೆಯ ಅವ್ವ ಆಗಲೇ ಎದ್ದಿದ್ದಾಳೆ. ಇಲಕಲ್ಲ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೆಚ್ಚಲಿಗೆ ನೀರು ಚಿಮುಕಿಸಿ, ಕರುವನ್ನು ಒಂದು ಗುಟುಕಿಗೆ ಬಿಟ್ಟು ಎಳೆದು ಕಟ್ಟುತ್ತಾಳೆ. ನಮ್ಮ ಕಡೆ ತಿರುಗದೆಯೇ ಹೇಳುತ್ತಾಳೆ: “ಒಂದೀಟು ಹಿಂದಕ್ಕ ಸರೀರಿ. ಹೊಸ ಮಂದಿ ನಿಂತ್ರ ಎಮ್ಮಿ ಸೊರ ಬಿಡೂದಿಲ್ಲ.” ಸರಿದು ನಿಂತು ಕೇಳಿ. ಬರಿದಾದ ಚರಿಗೆಯ ತಳಕ್ಕೆ ಮೊದಲ ಧಾರೆ ಬಿದ್ದಾಗ ಠಣ್ಣೆನ್ನುವ ಸದ್ದು. ಹಾಲು ಏರಿದಂತೆ ಸದ್ದು ಮೆತ್ತಗಾಗುತ್ತ, ಕೊನೆಗೆ ನೊರೆಯೊಳಗೆ ನೊರೆ ಬೀಳುವ ಬುಸುಬುಸು ಮಾತ್ರ ಉಳಿಯುತ್ತದೆ. ಎಷ್ಟು ಹಾಲಾಯಿತೆಂದು ಅವಳು ಬಗ್ಗಿ ನೋಡುವುದಿಲ್ಲ. ಸದ್ದು ಅದನ್ನು ಹೇಳಿರುತ್ತದೆ.

ಈ ಹಾಲು ಡೇರಿಗೆ ಹೋಗುವುದು ಸ್ವಲ್ಪ. ಉಳಿದದ್ದು ಮಣ್ಣಿನ ಗಡಿಗೆಯಲ್ಲಿ ಕುಳ್ಳಿನ ಕಾವಿಗೆ ಕೂರುತ್ತದೆ. ಕುಳ್ಳಿನ ಬೆಂಕಿಗೆ ಅವಸರವಿಲ್ಲ. ಹಾಲು ಉಕ್ಕುವುದಿಲ್ಲ, ಗಂಟೆಗಟ್ಟಲೆ ಕಾಯುತ್ತ ಸಣ್ಣಗೆ ಕೆಂಪಾಗುತ್ತದೆ, ಮೇಲೆ ಬೆರಳ ದಪ್ಪದ ಕೆನೆ ಕಟ್ಟುತ್ತದೆ. ಸಂಜೆ ಅದನ್ನು ಬೆರಳು ತಾಳುವಷ್ಟು ಆರಿಸಿ, ಹೆಪ್ಪು ಬೆರೆಸಿ, ಸಣ್ಣ ಸಣ್ಣ ಮಣ್ಣಿನ ಕುಡಿಕೆಗಳಿಗೆ ಸುರಿಯುತ್ತಾರೆ. ಸುಟ್ಟ ಮಣ್ಣು ರಾತ್ರಿಯಿಡೀ ನೀರಿನ ಪಸೆಯನ್ನು ಹೀರಿಕೊಳ್ಳುತ್ತದೆ. ಬೆಳಗಿಗೆ ಕುಡಿಕೆ ಬೋರಲು ಹಾಕಿದರೂ ಮೊಸರು ಬೀಳುವುದಿಲ್ಲ. ಬನಶಂಕರಿಯ ಗುಡಿಯ ಮುಂದೆ, ಬಾದಾಮಿಯ ಮೆಟ್ಟಿಲ ಬಳಿ, ಪಟ್ಟದಕಲ್ಲಿನ ಮರದಡಿ ಬುಟ್ಟಿ ಇಟ್ಟುಕೊಂಡು ಕೂರುವ ಹೆಂಗಸರ ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿಯ ಪಕ್ಕದಲ್ಲಿರುವ ಕುಡಿಕೆ ಮೊಸರು ಹುಟ್ಟುವುದು ಇಂಥ ಕತ್ತಲೆಯ ಪಡಸಾಲೆಗಳಲ್ಲಿ. ದೂರದಿಂದ ಗುಡಿ ನೋಡಲು ಬಂದವರು ಕಲ್ಲನ್ನು ಹೊಗಳುವಷ್ಟೇ ಮನಸಾರೆ ಆ ಮೊಸರನ್ನೂ ಹೊಗಳಿ ಹೋಗುತ್ತಾರೆ. ಹೊಗಳಲೇಬೇಕಾದ್ದು ಅದು.

ಬೆಳಕು ಹರಿಯಿತು. ಈಗ ಬುಟ್ಟಿಗೆ ಸಗಣಿ. ಸೊಸೆ ಬರಿಗೈಯಿಂದ ಬಳಿದು, ಅರ್ಧವನ್ನು ಹಿತ್ತಲ ಗೋಡೆಯ ಕಡೆ, ಅರ್ಧವನ್ನು ತಿಪ್ಪೆಯ ಕಡೆ ಒಯ್ಯುತ್ತಾಳೆ. ಗೋಡೆಗೆ ಹೋದದ್ದು ಜೋಳದ ಹೊಟ್ಟಿನೊಂದಿಗೆ ಕಲಸಿ ತಟ್ಟಿದ ಕುಳ್ಳಾಗುತ್ತದೆ. ಪ್ರತಿಯೊಂದರ ಮೇಲೂ ಐದು ಬೆರಳಿನ ಅಚ್ಚು. ಒಣಗಿದ ಮೇಲೆ ಒಂದರ ಮೇಲೊಂದು ಒಟ್ಟಿ, ಹೊರಗೆ ಸಗಣಿ ಸಾರಿಸಿ, ಮಳೆಗಾಲಕ್ಕೆ ಕುಳಬಾನ ಕಟ್ಟುತ್ತಾರೆ. ತಿಪ್ಪೆಗೆ ಹೋದದ್ದರ ಜೊತೆ ಒಲೆಯ ಬೂದಿ, ಎತ್ತು ಬಿಟ್ಟ ಕಣಕಿಯ ದಂಟು, ಗಂಜಲ ಕುಡಿದ ಮಣ್ಣು, ಕಸಬರಿಗೆಗೆ ಸಿಕ್ಕಿದ್ದೆಲ್ಲ ಸೇರುತ್ತದೆ. ಮುಂಗಾರಿಗೆ ಮುಂಚೆ ಚಕ್ಕಡಿ ತುಂಬಿ ಅದು ಹೊಲಕ್ಕೆ ಹೋಗುತ್ತದೆ.

ಇನ್ನು ಬಚ್ಚಲು. ಈ ಮನೆಯ ಗುಟ್ಟೆಲ್ಲ ಇರುವುದು ಅಲ್ಲಿ. ಹಂಡೆಯ ಬಿಸಿನೀರು ಒಬ್ಬೊಬ್ಬರ ಮೈಮೇಲಿಂದ ಇಳಿದು, ಕಲ್ಲಿನ ಕಂಡಿಯಿಂದ ಹೊರಬಿದ್ದು, ಒಂದು ಗೇಣು ಅಗಲದ ಕಾಲುವೆ ಹಿಡಿಯುತ್ತದೆ. ಅದರ ಜೊತೆಗೇ ನಡೆಯಿರಿ. ಮೊದಲಿಗೆ ಸಿಗುವುದು ಬಾಳೆಯ ಗುಂಪು, ಸದಾ ಕಾಲು ಒದ್ದೆ ಇಟ್ಟುಕೊಂಡೇ ನಿಂತದ್ದು. ಅದರ ಬುಡದಲ್ಲಿ ಕೆಸುವಿನೆಲೆ. ಅಲ್ಲಿಂದ ಕಾಲುವೆ ಎರಡಾಗಿ ಒಂದು ಕವಲು ಕರಿಬೇವು, ನುಗ್ಗೆ, ನಿಂಬೆಯ ಕಡೆ. ಇನ್ನೊಂದು ಚಪ್ಪರದ ಕಡೆ. ಚಪ್ಪರ ಜಾಲಿಯ ಕಟ್ಟಿಗೆಯದು. ಅದರ ಮೇಲೆ ಹೀರೆ, ತುಪ್ಪರಿ, ಅವರೆ ಒಂದರ ಮೈಮೇಲೊಂದು ಹತ್ತಿ, ಯಾವ ಹೂವು ಯಾವ ಬಳ್ಳಿಯದೆಂದು ಜೇನಿಗೆ ಮಾತ್ರ ಗೊತ್ತಿರುವಷ್ಟು ಹೆಣೆದುಕೊಂಡಿವೆ. ಕುಂಬಳ ಚಪ್ಪರಕ್ಕೆ ಒಗ್ಗದೆ ತಿಪ್ಪೆಯೇರಿ, ಅಲ್ಲಿಂದ ಮಾಳಿಗೆಯೇರಿ ಬಿಸಿಲಿಗೆ ಕಾಯಿ ಇಟ್ಟುಕೊಂಡು ಕೂತಿದೆ. ನೆಲದಲ್ಲಿ ಮುಳ್ಳಿನ ತೊಟ್ಟಿನ ಜವಾರಿ ಬದನೆ, ಮೆಣಸಿನಗಿಡ, ಚವಳಿ, ಬೆಂಡಿ. ಮಡಿಗಳಲ್ಲಿ ಮೆಂತೆ, ಸಬ್ಬಸಗಿ, ರಾಜಗಿರಿ, ಕಿರಕಸಾಲಿ. ಬೇಲಿಯ ಸಾಲಿಗೆ ಕೆಂಪು ದಂಟಿನ ಪುಂಡಿ. ಎಲ್ಲೂ ಬಿತ್ತದ ಹಕ್ಕರಕಿಯನ್ನು ಚಳಿಗಾಲದಲ್ಲಿ ಹೊಲದ ಬದುವಿನಿಂದ ಕಿತ್ತು ತಂದು, ತೊಳೆದು, ಹಸಿಯಾಗಿಯೇ ರೊಟ್ಟಿಯೊಳಗಿಟ್ಟು, ಮೇಲೆ ಗುರೆಳ್ಳು ಹಿಂಡಿ ಉದುರಿಸಿ ತಿನ್ನುತ್ತಾರೆ. ಹೂವಿಗೆ ಬೇರೆ ಜಾಗವಿಲ್ಲ. ಸೇವಂತಿ, ಚೆಂಡುಹೂ, ಅಬ್ಬಲಿಗೆ ತರಕಾರಿಯ ನಡುವೆಯೇ ಸಂದಿ ಮಾಡಿಕೊಂಡಿವೆ.

“ಮೈ ತೊಳದ ನೀರು ಬಾಳಿಗಿಡಕ್ಕ, ಅಕ್ಕಿ ತೊಳದ ನೀರು ಎಮ್ಮಿಗೆ, ಗಡಗಿ ತೊಳದ ನೀರು ಮೆಣಸಿನಗಿಡಕ್ಕ. ಚೆಲ್ಲಾಕ ನೀರು ಎಲ್ಲೈತಿ ಯಪ್ಪಾ?” ಎಂದು ಅವ್ವ ಕೇಳುತ್ತಾಳೆ. ವರ್ಷದ ಮಳೆ ಸರಾಸರಿ 600 ಮಿಲಿಮೀಟರನ್ನೂ ಮುಟ್ಟದ ಬಾಗಲಕೋಟೆ ಜಿಲ್ಲೆಯಲ್ಲಿ, ನಾಲ್ಕಾರು ಗುಂಟೆಯೂ ಇಲ್ಲದ ಹಿತ್ತಲಿಗೆ ಬಾವಿಯಿಲ್ಲ, ಪಂಪಿಲ್ಲ. ಮನೆಮಂದಿ ಬಳಸಿದ ನೀರೇ ಅದರ ಹೊಳೆ. ಬೇಸಗೆಯಲ್ಲಿ ನಳದ ನೀರು ಮೂರು ದಿನಕ್ಕೊಮ್ಮೆ ಬಂದರೆ ಸ್ನಾನವೂ ಬಾಳೆಗಿಡದ ಪಕ್ಕ ಕಲ್ಲು ಹಾಕಿಕೊಂಡೇ ನಡೆಯುತ್ತದೆ.

ಈ ಹಸಿರಿಗೆ ಕಳ್ಳರು ಬಹಳ. ಆಡು ಬೇಲಿಯ ಮುಳ್ಳನ್ನು ತುಟಿಯಲ್ಲೇ ಸರಿಸಿ ನುಗ್ಗೆಯ ಚಿಗುರಿಗೆ ಕೊರಳು ಚಾಚುತ್ತದೆ. ಕೋಳಿ ಮೆಂತೆಯ ಮಡಿಯನ್ನು ಕೆದರಿ ಹುಳ ಹೆಕ್ಕುತ್ತದೆ. ಅದು ಕಾಟವೂ ಹೌದು, ಉಪಕಾರವೂ ಹೌದು. ಬಾದಾಮಿಯ ಗುಡ್ಡಕ್ಕೆ ಹತ್ತಿರದ ಊರುಗಳಲ್ಲಿ ಮಂಗಗಳು ಗುಂಪಾಗಿ ಇಳಿದರೆ ಚಪ್ಪರಕ್ಕೆ ಚಪ್ಪರವೇ ನೆಲಕ್ಕೆ ಬೀಳುತ್ತದೆ. ಆಗ ಓಣಿಯ ನಾಯಿಗಳಿಗೆಲ್ಲ ಒಮ್ಮೆಲೇ ಕೆಲಸ. ಮುಧೋಳ ನಾಯಿ ಇದೇ ಜಿಲ್ಲೆಯದು, 2005ರಲ್ಲಿ ಅಂಚೆಚೀಟಿಯ ಮೇಲೂ ಬಂದದ್ದು. ಆದರೆ ಹಿತ್ತಲು ಕಾಯುವುದು ಹೆಸರಿಲ್ಲದ ಜವಾರಿ ನಾಯಿಯೇ.

ಹಿತ್ತಲ ಬಾಗಿಲಿನಿಂದ ಹೊರಬಿದ್ದರೆ ಜೋಳದ ಕಣಕಿಯ ಬಣವಿ. ಎಮ್ಮೆಯ ಹಾಲಿಗೂ ಎತ್ತಿನ ಹೆಗಲಿಗೂ ಇದೇ ಆಧಾರ. ಹುನಗುಂದದ ಕಡೆಯ ಎರೆಭೂಮಿಯಲ್ಲಿ ಮುಂಗಾರಿನ ನೀರನ್ನೆಲ್ಲ ಮಣ್ಣು ಕುಡಿದು ಕೂತ ಮೇಲೆ, ಉತ್ತರಿ, ಹಸ್ತದ ಮಳೆ ನೋಡಿಕೊಂಡು ಬಿಳಿಜೋಳ ಬಿತ್ತುತ್ತಾರೆ. ಆಮೇಲೆ ಮಳೆ ಬರಲಿ ಬಿಡಲಿ, ಇಬ್ಬನಿ ಮತ್ತು ಒಳಪಸೆಯ ಮೇಲೆಯೇ ಆಳೆತ್ತರ ಬೆಳೆದು ತೆನೆ ಹಾಕಬೇಕು. ಅದಕ್ಕೇ ಅಲ್ಲಿಯ ರೈತರು ಒಡ್ಡಿನ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟು. ಹೊಲದ ಇಳಿಜಾರು ಅಳೆದು ಒಡ್ಡು ಹಾಕಿ, ಹೆಚ್ಚಿದ ನೀರು ಮಣ್ಣನ್ನು ಕೊಚ್ಚದೆ ಇಳಿಯಲು ಕಲ್ಲಿನ ಕೋಡಿ ಕಟ್ಟಿ, ಬಿದ್ದ ಹನಿಯನ್ನು ಬಿದ್ದಲ್ಲೇ ಇಂಗಿಸುವ ಆ ಒಣಬೇಸಾಯಕ್ಕೆ ಹುನಗುಂದದ ನಾಗರಾಳ ಮನೆತನ ನಾಡಿನಲ್ಲೆಲ್ಲ ಹೆಸರು ತಂದಿದೆ. ಎತ್ತರ ಬೆಳೆಯುವ ಮಾಲದಂಡಿ ಜೋಳವನ್ನು ಜನ ಇನ್ನೂ ಬಿಡದಿರುವುದು ಕಾಳಿನ ರುಚಿಗಷ್ಟೇ ಅಲ್ಲ. ಗಿಡ್ಡ ತಳಿಗಳು ಹೆಚ್ಚು ಕಾಳು ಕೊಟ್ಟಾವು, ಎತ್ತಿಗೆ ಏನು ಹಾಕುವುದು? ಇಲ್ಲಿ ಬೆಳೆಯೆಂದರೆ ಮನುಷ್ಯರ ಪಾಲು ಮತ್ತು ದನದ ಪಾಲು ಎರಡೂ ಸೇರಿದ್ದು.

ಸುಗ್ಗಿ ಮುಗಿದ ಹೊಲಕ್ಕೆ ಕುರಿಗಾರರು ಬರುತ್ತಾರೆ. ಹೆಗಲಿಗೆ ಕರಿಕಂಬಳಿ, ಕೈಯಲ್ಲಿ ಉದ್ದನೆಯ ಕೋಲು, ಕತ್ತೆಯ ಅಥವಾ ಕುದುರೆಯ ಬೆನ್ನಿನ ಮೇಲೆ ಪಾತ್ರೆ, ಬಲೆ, ಆಗಷ್ಟೇ ಹುಟ್ಟಿದ ಮರಿ. ರಾತ್ರಿ ಹೊಲದಲ್ಲಿ ಬಲೆ ಕಟ್ಟಿ ಕುರಿ ನಿಲ್ಲಿಸಿದರೆ ಹಿಕ್ಕೆ, ಗಂಜಲ ನೇರ ಮಣ್ಣಿಗೆ. ಹೊಲದೊಡೆಯ ಅದಕ್ಕೆ ಜೋಳ ಕೊಡುತ್ತಾನೆ, ಈಗೀಗ ಹಣವನ್ನೂ. ಇದೇ ಕುರಿ, ಇದೇ ಆಡು ಮಾರಾಟಕ್ಕೆ ಸೇರುವುದು ಅಮೀನಗಡದ ಸಂತೆಯಲ್ಲಿ. ಕರದಂಟಿಗೆ ಹೆಸರಾದ ಊರು ಕುರಿಸಂತೆಗೂ ಅಷ್ಟೇ ಹೆಸರು. ಬೆಳ್ಳಂಬೆಳಗ್ಗೆ ಹೋಗಿ ನಿಂತರೆ ದೂಳು, ಒದರಾಟ, ಉಣ್ಣೆಯ ವಾಸನೆ. ಮರಿಯ ಬೆನ್ನು ಹಿಚುಕಿ ತೂಕ ಹೇಳುವ ಕೈಗಳು. ಟವೆಲ್ಲಿನ ಕೆಳಗೆ ಬೆರಳು ಹಿಡಿದು, ಮುಖದಲ್ಲಿ ಏನೂ ತೋರಗೊಡದೆ ದರ ಕುದುರಿಸುವ ದಲಾಲರು. ಹೆಂಗಸರು ಸಾಕಿದ ಎರಡು ಆಡು ಮಗಳ ಕಾಲೇಜಿನ ಫೀ ಆಗುವುದು ಆ ಟವೆಲ್ಲಿನ ಕೆಳಗೇ.

ಅಮೀನಗಡದಿಂದ ಹೊರಳಿದರೆ ಐಹೊಳೆ ಹತ್ತಿರ. ದನ, ಮನುಷ್ಯ, ದೇವರು ಒಂದೇ ಚಾವಣಿಯಡಿ ಬಾಳಿದ್ದು ಅಲ್ಲಿ ಮಾತಿಗೆ ಹೇಳುವುದಲ್ಲ, ಗುಡಿಗಳ ಹೆಸರೇ ಸಾಕ್ಷಿ. ಪೂಜೆ ನಿಂತ ಗುಡಿಗಳಲ್ಲಿ ಸಂಸಾರಗಳು ಸೇರಿಕೊಂಡವು. ಗರ್ಭಗುಡಿ ಕಣಜವಾಯಿತು, ಮಂಟಪ ಪಡಸಾಲೆಯಾಯಿತು, ಕೆತ್ತನೆಯ ಕಂಬಕ್ಕೆ ಎತ್ತು ಕಟ್ಟಿದರು. ಆ ಸಂಸಾರಗಳನ್ನು ತೆರವು ಮಾಡಿದ ಮೇಲೂ ಲಾಡಖಾನ ಗುಡಿ, ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ ಎಂಬ ಹೆಸರುಗಳು ಉಳಿದವು. ದನ ಕಟ್ಟಿ ಗುಡಿ ಹಾಳು ಮಾಡಿದರೆಂದು ಬೈಯುವವರಿದ್ದಾರೆ. ನನಗೆ ಹಾಗೆನಿಸಿಲ್ಲ. ವರ್ಷವರ್ಷ ನೆಲ ಸಾರಿಸಿ, ಚಾವಣಿಯ ಸಂದಿಗೆ ಮಣ್ಣು ಮೆತ್ತಿ, ಬೇರು ಬಿಡುವ ಆಲದ ಸಸಿಯನ್ನು ಕಿತ್ತೊಗೆದವರೂ ಅವರೇ. ಇವತ್ತಿಗೂ ಗುಡಿಗಳ ಬೇಲಿಯಾಚೆಯ ಓಣಿಯಲ್ಲಿ ಹಳೆಯ ಕಲ್ಲಿನ ಗೋಡೆಗೆ ಕುಳ್ಳು ಒಣಗುತ್ತಿರುತ್ತದೆ, ಎಮ್ಮೆ ನೆರಳು ಹುಡುಕಿ ಮಲಗಿರುತ್ತದೆ.

ದನಗಳಿಗೆ ಇಲ್ಲಿ ತಮ್ಮದೇ ಹಬ್ಬಗಳಿವೆ. ಕಾರಹುಣ್ಣಿಮೆಗೆ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಜೂಲ ಹೊದಿಸಿ, ಸಂಜೆ ಅಗಸಿಬಾಗಿಲಿಗೆ ಅಡ್ಡ ಕಟ್ಟಿದ ತೋರಣದತ್ತ ಎತ್ತು ಓಡಿಸಿ ಕರಿ ಹರಿಯುತ್ತಾರೆ. ಮೊದಲು ದಾಟಿದ ಎತ್ತು ಬಿಳಿಯದೋ ಕೆಂದೋ ಎಂಬುದರ ಮೇಲೆ ಮುಂಗಾರಿ ಚಲೋ ಬರುವುದೋ ಹಿಂಗಾರಿಯೋ ಎಂದು ಹಿರಿಯರು ಲೆಕ್ಕ ಹಾಕುತ್ತಾರೆ. ಮುಂದಿನ ಅಮಾವಾಸ್ಯೆಗೆ ಮಣ್ಣಿನ ಎತ್ತು ಜಗುಲಿಯೇರುತ್ತವೆ, ಎತ್ತಿಲ್ಲದ ಮನೆಯಲ್ಲಿಯೂ.

ತರಕಾರಿಗಿರುವ ಹಬ್ಬ ಇವೆಲ್ಲಕ್ಕಿಂತ ದೊಡ್ಡದು. ಬಾದಾಮಿಯ ಮಗ್ಗುಲಿಗೇ ಚೊಳಚಗುಡ್ಡ, ಅಲ್ಲಿ ಬನಶಂಕರಿ. ಸುತ್ತ ತೆಂಗು, ಬಾಳೆ, ಎಲೆಬಳ್ಳಿಯ ತೋಟ. ಮುಂದೆ ಕಲ್ಲಿನ ಮಂಟಪಗಳ ಹರಿದ್ರಾತೀರ್ಥ. ಬರಗಾಲ ಬಿದ್ದು ಜನ ಸಾಯುವಾಗ ತನ್ನ ಮೈಯಿಂದಲೇ ಕಾಯಿಪಲ್ಯ ಬೆಳೆದು ಉಣಿಸಿದಳೆಂದು ಆಕೆಗೆ ಶಾಕಂಬರಿ ಎಂಬ ಹೆಸರು. ಬನದ ಹುಣ್ಣಿಮೆಯ ತೇರಿಗೆ ಮುಂಚೆ ಪಲ್ಯೇದ ಹಬ್ಬ. ಅಂದು ದೇವಿಯ ಎಡೆಗೆ 108 ಬಗೆಯ ಪಲ್ಯ. ಚಳಿಯ ಪುಷ್ಯ ಮಾಸದಲ್ಲಿ, ಈ ಒಣನೆಲದಲ್ಲಿ, ಅಷ್ಟು ಬಗೆ ಎಲ್ಲಿಂದ ಬರಬೇಕು? ಹಿತ್ತಲುಗಳಿಂದಲೇ, ಹೊಲದ ಬದುವಿನಿಂದಲೇ. ಕಡಲೆಯ ಕುಡಿ, ಕುಸುಬೆಯ ಎಳೆ ಎಲೆ, ನುಗ್ಗೆಯ ಹೂವು, ಹಕ್ಕರಕಿ, ಪುಂಡಿ, ಬೇಲಿಯ ತೊಂಡೆ, ಎಲ್ಲಕ್ಕೂ ಅಲ್ಲಿ ಲೆಕ್ಕವುಂಟು. ಪೇಟೆಯಲ್ಲಿ ಮಾರಾಟಕ್ಕೇ ಬಾರದ ಸೊಪ್ಪುಗಳ ಹೆಸರು ಈ ಸೀಮೆಯ ಹೆಂಗಸರ ಬಾಯಲ್ಲಿ ಉಳಿದಿದ್ದರೆ ಅದರಲ್ಲಿ ದೇವಿಯ ಪಾಲು ದೊಡ್ಡದೆಂದು ನನ್ನ ನಂಬಿಕೆ. ತೇರಿನ ಹಗ್ಗವೂ ದನದ ಹೆಗಲ ಮೇಲೆಯೇ ಬರಬೇಕು. ಹೊಳೆಯಾಚೆಯ ಮಾಡಲಗೇರಿಯಿಂದ ಅದನ್ನು ಹೊತ್ತ ಹಳಿಬಂಡಿಯನ್ನು ಎತ್ತುಗಳು ಎಳೆದು ತರುತ್ತವೆ. ಆಮೇಲೆ ನಾಟಕದ ಕಂಪನಿಗಳು, ಬಳೆಯ ಅಂಗಡಿಗಳು, ಮಿಠಾಯಿ, ದನದ ಜಾತ್ರೆ.

ದನದ ಜಾತ್ರೆ ಮೊದಲಿನಷ್ಟು ತುಂಬುತ್ತಿಲ್ಲ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಎಷ್ಟೋ ಮನೆಗಳ ಗ್ವಾದಲಿ ಬರಿದಾದವು. ಅದಕ್ಕೂ ಮುಂಚೆ 2009ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಂದು ಪಟ್ಟದಕಲ್ಲಿನ ಗುಡಿಗಳ ಒಳಗೇ ನೀರು ನಿಂತಿತ್ತು. ದಂಡೆಯ ಊರಿನವರು ದನದ ಹಗ್ಗ ಬಿಚ್ಚಿ ದಿಬ್ಬಕ್ಕೆ ಅಟ್ಟಿದರು. ಬಣವಿ, ಕುಳಬಾನ, ಚಪ್ಪರ ಹೊಳೆಪಾಲು. ಎತ್ತರದ ಜಾಗದಲ್ಲಿ ಹೊಸ ಮನೆಗಳಾದವು. ಸಿಮೆಂಟಿನ ಆ ಮನೆಗಳಲ್ಲಿ ಎಮ್ಮೆಗೆ ತಗ್ಗಿನ ಜಾಗವಿಲ್ಲ, ಬಚ್ಚಲ ನೀರು ಪೈಪಿನಲ್ಲಿ ಇಳಿದು ಕಾಣದಾಗುತ್ತದೆ. ಅಲ್ಲಿಗೆ ಹೋದ ಹೆಂಗಸರು ಎಷ್ಟೋ ಕಡೆ ತಾವೇ ಪೈಪು ತಿರುಗಿಸಿ ಎರಡು ಬಾಳೆಗಿಡ ಇಟ್ಟುಕೊಂಡಿದ್ದಾರೆ. ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯವಿದೆ, ಸುತ್ತ ದಾಳಿಂಬೆಯ ತೋಟಗಳಿವೆ, ಹನಿ ನೀರಾವರಿಯ ಕಪ್ಪು ಪೈಪುಗಳಿವೆ. ಒಂದು ಎಮ್ಮೆ, ಒಂದು ಬಚ್ಚಲು, ಒಂದು ಚಪ್ಪರದ ಈ ಲೆಕ್ಕವನ್ನೂ ಯಾರಾದರೂ ಕೂತು ಬರೆದಿಟ್ಟರೆ ಹೊಸ ಮನೆಗಳ ನಕ್ಷೆ ಹಾಕುವವರಿಗೆ ಉಪಯೋಗವಾದೀತು.

ಪಕ್ಕದ ಮನೆಯ ಹಿರಿಯರು ಎತ್ತು ಮಾರಿದ್ದಾರೆ. ಉಳುಮೆಗೆ ಟ್ರ್ಯಾಕ್ಟರ್ ಬಾಡಿಗೆಗೆ ಬರುತ್ತದೆ. ಕಟ್ಟೆಯ ಮೇಲೆ ಕೂತು ಅವರು ಹೇಳುವುದು ಉಳುಮೆಯ ಮಾತಲ್ಲ: “ಎತ್ತ ಮಾರಿದ ವರ್ಷನ ತಿಪ್ಪಿ ತೆಗ್ಗ ಬಿತ್ರಿ. ಈಗ ಹಿತ್ತಲದಾಗ ಮುಳಗಾಯಿ ಮೊದಲಿನಂಗ ಹಿಡಿಯಂಗಿಲ್ಲ.”

ಮಧ್ಯಾಹ್ನ ಇಳಿದ ಮೇಲೆ ಅವ್ವನಿಗೆ ಬೀಜದ ಕೆಲಸ. ಚಪ್ಪರದ ಎಲ್ಲಕ್ಕಿಂತ ಚಂದದ ಹೀರೆಯನ್ನು ಯಾರೂ ಕೊಯ್ಯಬಾರದೆಂದು ಅದಕ್ಕೆ ಕೆಂಪು ಚಿಂದಿ ಕಟ್ಟಿದ್ದಳು. ಅದೀಗ ಒಣಗಿ, ಅಲುಗಿಸಿದರೆ ಗಿಲಕಿಯಂತೆ ಸದ್ದು ಮಾಡುತ್ತದೆ. ಬೀಜ ಉದುರಿಸಿಕೊಂಡು, ಹಸಿ ಸಗಣಿಯ ಸಣ್ಣ ತಟ್ಟಿನಲ್ಲಿ ಒಂದೊಂದಾಗಿ ಒತ್ತಿ, ತಟ್ಟನ್ನು ಒಲೆಯ ಹೊಗೆ ತಾಗುವ ಗೋಡೆಗೆ ಬಡಿಯುತ್ತಾಳೆ. ಹುಳ ಹತ್ತುವುದಿಲ್ಲ. ಮಳೆ ಬಿದ್ದಾಗ ತಟ್ಟನ್ನು ಬಿಡಿಸಿ ಹಾಗೆಯೇ ಮಣ್ಣಿಗಿಟ್ಟರೆ ಮೊಳಕೆಗೆ ಮೊದಲ ಗೊಬ್ಬರವೂ ಅದೇ. ಅವರೆ, ಬದನೆಯ ಬೀಜಕ್ಕೆ ಬೂದಿ ಸವರಿ ಗಡಿಗೆಗೆ ಹಾಕಿ ಬಾಯಿ ಕಟ್ಟುತ್ತಾಳೆ.

ಮಗಳನ್ನು ಇಲಕಲ್ಲಿಗೆ ಕೊಟ್ಟಿದೆ. ನೇಕಾರರ ಓಣಿ, ಒಳಗೆ ಕುಣಿಮಗ್ಗ, ಟೋಪತೆನೆಯ ಸೆರಗಿಗೆ ಮೈಯ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕುವ ಕೆಲಸ, ಹಗಲೆಲ್ಲ ಲಾಳಿಯ ಸದ್ದು. ಹಿತ್ತಲೆಂದರೆ ಕೈಯಗಲದ ಸಂದಿ. ಆದರೂ ಹುಡುಗಿ ಎಣ್ಣೆಯ ಡಬ್ಬಿಗಳಲ್ಲಿ ಮಣ್ಣು ತುಂಬಿ, ನೂಲು ತೊಳೆದ ನೀರು ಗಿಡಕ್ಕಾಗದೆಂದು ಅದನ್ನು ಬೇರೆಯಿಟ್ಟು, ಬಚ್ಚಲ ನೀರನ್ನಷ್ಟೇ ಹೊಯ್ದು ತುಪ್ಪರಿಯ ಬಳ್ಳಿಯನ್ನು ಮಾಳಿಗೆಗೆ ಹತ್ತಿಸಿದ್ದಾಳೆ. ಈಗ ಫೋನಿನಲ್ಲಿ ಬೀಜ ಕೇಳುತ್ತಿದ್ದಾಳೆ.

“ಬೀಜ ಕಳಸ್ತೀನಿ ಬಿಡವಾ,” ಅವ್ವ ಮಗನ ಕಡೆ ತಿರುಗುತ್ತಾಳೆ, “ತಮ್ಮಾ, ತಿಪ್ಪಿ ಅಡಿಯಿಂದ ಹಳೇ ಗೊಬ್ಬರ ಒಂದ್ ಚೀಲ ತುಂಬು. ಅಕೀ ಮನಿಯಾಗ ಎಮ್ಮಿ ಎಲ್ಲೈತಿ?” ಅವನು ಸಲಿಕೆ ತೆಗೆದುಕೊಂಡು ಹಿತ್ತಲಿಗೆ ಹೋಗುತ್ತಾನೆ. ಸಂಜೆಯ ಇಲಕಲ್ಲ ಬಸ್ಸಿಗೆ ಇನ್ನೂ ಹೊತ್ತಿದೆ. ಚೀಲಕ್ಕೆ ಟಿಕೆಟ್ ಕೇಳಿದರೆ ಕೊಡಲು ಅವ್ವ ಮೊಸರು ಮಾರಿದ ದುಡ್ಡಿನಿಂದ ಇಪ್ಪತ್ತರ ನೋಟೊಂದನ್ನು ಆಗಲೇ ತೆಗೆದಿಟ್ಟಿದ್ದಾಳೆ.